ಮಗ್ಗದ ಗುಂಡಿಯಲ್ಲಿ ಏನೇನಿತ್ತು

ಬೆಳಿಗ್ಗೆ ಮಗ್ಗಕ್ಕೆ ಕೂರುವ ಮೊದಲು ನೇಕಾರ್ತಿ ಒಂದು ಕೋಲು ತಗೊಂಡು ಗುಂಡಿಯೊಳಗೆ ಕೆದಕಿ ನೋಡುತ್ತಿದ್ದಳು. ಹಾವಿಗೆ ಹೆದರಿ ಅಲ್ಲ. ಹಾವಾದರೆ ವಾಸಿ ಇತ್ತು, ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಗುವ ಮರ್ಯಾದಸ್ಥ ಪ್ರಾಣಿ ಅದು. ಅವಳಿಗಿದ್ದ ಭಯ ಮನೆಯವರು ಅಲ್ಲಿ ಏನು ಹಾಕಿದ್ದಾರೋ ಅನ್ನೋದು.

ಗುಂಡಿ ಅಂದರೆ ನಡುಕೋಣೆಯ ನೆಲದಲ್ಲಿ ತೋಡಿದ ಮೊಣಕಾಲುದ್ದದ ಹಳ್ಳ. ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ತುಳಿಹಲಗೆಗಳನ್ನು ಒಂದು ಬಿಟ್ಟು ಒಂದು ತುಳಿದರೆ ಮೇಲೆ ಎಳೆಗಳು ಬಾಯಿ ಬಿಡುತ್ತವೆ. ಹಗ್ಗ ಜಗ್ಗಿದರೆ ಲಾಳಿ ಆ ಬಾಯೊಳಗೆ ಓಡುತ್ತದೆ. ಮುಂದಿನ ಹಲಗೆ ಎಳೆದು ಬಡಿದರೆ ನೂಲು ಹೋಗಿ ಬಟ್ಟೆಗೆ ಕೂಡಿಕೊಳ್ಳುತ್ತದೆ. ಟಕ್, ಧಡ್. ಟಕ್, ಧಡ್. ಬೀದಿಯಿಂದ ಕಿಟಕಿಯಲ್ಲಿ ಇಣುಕಿದವರಿಗೆ ಅವಳು ಸೊಂಟದಿಂದ ಮೇಲೆ ಮಾತ್ರ ಇರುವ ಹೆಂಗಸಿನ ಹಾಗೆ ಕಾಣುತ್ತಿದ್ದಳು. ಎದುರು ಮನೆ ದರ್ಜಿ ಅಂತೂ ಸೂಜಿ ಬಾಯಲ್ಲಿಟ್ಟುಕೊಂಡೇ ಕೂಗುತ್ತಿದ್ದ: "ಅಕ್ಕಾ, ನಿಮಗೆ ಕಾಲಿದೆ ಅಂತ ಮದುವೆ ದಿನ ನೋಡಿದ್ದಷ್ಟೇ! ಈಗಲೂ ಇದೆ ತಾನೇ?"

"ಇದೆ, ಬೇಕಾದ್ರೆ ಬಾ, ಒದ್ದು ತೋರಿಸ್ತೀನಿ," ಅನ್ನುತ್ತಿದ್ದಳು ಇವಳು.

ಆ ಕಾಲಿಗೆ ಏನೇನು ತಾಗಿತ್ತೋ ಕಾಲಿಗೇ ಗೊತ್ತು. ಒಂದು ದಿನ ಬಾಳೆಹಣ್ಣಿನ ಸಿಪ್ಪೆ, ಕಪ್ಪಗಾಗಿ, ನುಸಿ ಎದ್ದದ್ದು. ಇನ್ನೊಂದು ದಿನ ಗಂಡನ ಕಾಲುಚೀಲ, ಗ್ಯಾರೇಜಿನ ಗ್ರೀಸೂ ಬೆವರೂ ಸೇರಿ ಹಪ್ಪಳದ ಹಾಗೆ ಬಿರುಸಾದದ್ದು. ಕೂಸಿನ ಒದ್ದೆ ಬಟ್ಟೆ ತೊಳೆದು ಹಾಕು ಅಂದರೆ ದೊಡ್ಡ ಮಗಳು ಅದನ್ನು ಸುತ್ತಿ ಗುಂಡಿಯ ಮೂಲೆಗೆ ತುರುಕಿ, ಕೈ ಮಾತ್ರ ಸೋಪು ಹಚ್ಚಿ ತೊಳೆದು ಬಂದು ಮೂಸಿ ನೋಡು ಅನ್ನುತ್ತಿದ್ದಳು. ಎಲ್ಲಕ್ಕಿಂತ ಮೇಲಿನದು ಅತ್ತೆಯ ಕೂದಲು. ಅತ್ತೆ ದಿನಾ ಮಧ್ಯಾಹ್ನ ಗುಂಡಿಯ ಅಂಚಿಗೆ ಕೂತು ತಲೆ ಬಾಚಿ, ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಥೂ ಅಂತ ಒಂದು ಸಲ ಉಗುಳಿ, ಉಂಡೆ ಮಾಡಿ ಒಳಗೆ ಬಿಡುತ್ತಿದ್ದರು. ಹಾಗೇ ಕಾಲಿನ ಉಗುರೂ ಅಲ್ಲೇ ಕತ್ತರಿಸುತ್ತಿದ್ದರು. ಎಣ್ಣೆ ಜಿಡ್ಡಿನ ಆ ಉಂಡೆ ಬೆಳಿಗ್ಗೆ ಬರಿಗಾಲ ಬೆರಳ ಸಂದಿಗೆ ಸಿಕ್ಕಿಕೊಂಡರೆ ನೇಕಾರ್ತಿಗೆ ನೆತ್ತಿಯವರೆಗೂ ಜುಂ ಅನ್ನುತ್ತಿತ್ತು.

"ಅತ್ತೆ, ಇಲ್ಲಿ ಹಾಕಬೇಡಿ ಅಂದಿದ್ದೆ."

"ಹಳ್ಳಕ್ಕೆ ಹಾಕದೆ ಇನ್ನೆಲ್ಲಿ ಹಾಕಲಿ, ನಿನ್ನ ತಲೆ ಮೇಲೆ ಹಾಕಲಾ? ಗುಡಿಸಿದ್ರೆ ಹೋಗುತ್ತಪ್ಪ. ಎರಡು ಹೆತ್ತಿದ್ದೀಯ, ಇನ್ನೂ ಮೂಗು ಮುರಿಯೋದು ಬಿಟ್ಟಿಲ್ಲ."

ಅದು ನಿಜ. ಅವಳ ಮೂಗು ಬಲು ಬೇಗ ಮುರಿಯುತ್ತಿತ್ತು. ಆದರೆ ಒಂದು ಮಾತು ಹೇಳಬೇಕು. ಕೂಸಿನದು ಏನೇ ಇರಲಿ ಅವಳಿಗೆ ಹೇಸಿಗೆ ಅನಿಸುತ್ತಿರಲಿಲ್ಲ. ಕಕ್ಕಿದ ಹಾಲು ಹೆಗಲ ಮೇಲೆ ಹುಳಿಯಾಗಿ ನಾರುತ್ತಿದ್ದರೂ ಹಾಗೇ ಇನ್ನೊಂದು ಗಳಿಗೆ ಎತ್ತಿಕೊಂಡಿರುತ್ತಿದ್ದಳು. ಅವನ ಅಂಡು ತೊಳೆದು, ತನ್ನ ಕೈ ತೊಳೆದು, ಒರೆಸಿ, ಬಿಳಿ ನೂಲು ಮುಟ್ಟುವಷ್ಟರಲ್ಲಿ ಅವನು ಮತ್ತೆ ಮಾಡಿರುತ್ತಿದ್ದ. ಮತ್ತೆ ಎದ್ದು ತೊಳೆಯುವುದು. ಹೀಗೆ ತೊಳೆದೂ ತೊಳೆದೂ ಬೆರಳ ಚರ್ಮ ಬಿರಿದು, ಬಿರಿದ ಚರ್ಮ ನೂಲಿಗೆ ಸಿಕ್ಕಿ ಎಳೆ ಜುಂಗು ಏಳುತ್ತಿತ್ತು. ಅದಕ್ಕೂ ಅವಳು ಕೂಸನ್ನು ಬೈದವಳಲ್ಲ. ಹಲ್ಲು ಬರದವರ ಹೊಲಸಿಗೆ ಏನು ಬೇಸರ? ಹಲ್ಲು ಬಂದು ಉದುರಿದವರದ್ದೇ ಅವಳಿಗೆ ಆಗುತ್ತಿರಲಿಲ್ಲ.

ಗುಂಡಿ ತೋಡಿದವನು ಗಂಡನೇ. ಮದುವೆಯಾದ ಹೊಸತು. ಅವಳ ತವರಿನಿಂದ ಮಗ್ಗದ ಮರಗಳು ಬಂದು ಜಗಲಿ ಮೇಲೆ ಬಿದ್ದಿದ್ದವು. ಅವನು ಅಂಗಿ ಬಿಚ್ಚಿ ಹಾರೆ ಹಿಡಿದು, ಅಂಗೈಯಲ್ಲಿ ಬೊಕ್ಕೆ ಎಬ್ಬಿಸಿಕೊಂಡು, "ಇಳಿದು ನೋಡು, ನಿನ್ನ ಕಾಲಿಗೆ ಸರಿ ಇದೆಯಾ?" ಅಂತ ಕೇಳಿ ಕೇಳಿ ಅಗೆದಿದ್ದ. ಆಗ ಅವಳು ಅಂಗೈಗೆ ಬೆಣ್ಣೆ ಹಚ್ಚಿದ್ದಳು. ಕಾಲ ಹೀಗೇ ಇರುತ್ತದೆ ಅಂತ ಇಬ್ಬರೂ ಅಂದುಕೊಂಡಿದ್ದರು.

ಕೂಸು ಅಂಬೆಗಾಲಿಡುವವರೆಗೆ ಎಲ್ಲ ಹೇಗೋ ನಡೆಯಿತು. ಒಂದು ಬೆಳಿಗ್ಗೆ ಅವಳು ಒಲೆ ಮೇಲಿಟ್ಟ ಗಂಜಿ ತಳ ಹಿಡಿಯುತ್ತಿದೆ ಅಂತ ಅಡುಗೆಮನೆಗೆ ಓಡಿದಳು. ನೂಲಿಗೆ ಹಾಕುವ ಗಂಜಿ ಅದು, ಗಂಟು ಕಟ್ಟಿದರೆ ಕೆಟ್ಟಿತು. ಕೂಸನ್ನು ನೋಡಿಕೊಳ್ಳಿ ಅಂತ ಅತ್ತೆಗೆ ಹೇಳಿಯೇ ಹೋಗಿದ್ದಳು. ಅತ್ತೆ ನೋಡುತ್ತಲೇ ಇದ್ದರು, ಕಿಟಕಿಯಾಚೆ ದರ್ಜಿಯ ಮನೆ ಜಗಳವನ್ನು. ದೊಪ್ಪ ಅಂತ ಸದ್ದಾಯಿತು.

ಓಡಿ ಬಂದರೆ ಕೂಸು ಗುಂಡಿಯ ತಳದಲ್ಲಿ ಕೂತಿದೆ. ಅಳುತ್ತಿಲ್ಲ. ಮೆತ್ತನೆ ಜಾಗದ ಮೇಲೇ ಬಿದ್ದಿತ್ತು, ಯಾಕೆಂದರೆ ಅಲ್ಲಿ ಮೆತ್ತಗಿನದು ಬೇಕಾದಷ್ಟಿತ್ತು. ಕೂತು ಏನನ್ನೋ ಜಗಿಯುತ್ತಿತ್ತು. ಅವಳು ಬಾಯಿಗೆ ಬೆರಳು ಹಾಕಿ ಎಳೆದಳು. ಬಂತು. ಎಳೆದಷ್ಟೂ ಬಂತು. ನರೆತ ಕೂದಲು, ಜೊಲ್ಲಿನಲ್ಲಿ ತೊಯ್ದು ಉದ್ದಕ್ಕೆ, ಕೊನೆಯಲ್ಲಿ ಒಂದು ಉಗುರಿನ ಚೂರು. ಅವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಹಿತ್ತಲಿಗೆ ಹೋಗಿ ವಾಂತಿ ಮಾಡಿದಳು.

ಊಟಕ್ಕೆ ಬಂದ ಗಂಡ ಎಲ್ಲ ಕೇಳಿಸಿಕೊಂಡ. ಅತ್ತೆಯ ವರದಿಯೇ ಮುಂಚೆ ಮುಟ್ಟಿತ್ತು.

"ಮನೆ ಮಧ್ಯೆ ಹಳ್ಳ ಇಟ್ಕೊಂಡು ಯಾರಾದ್ರೂ ಮಕ್ಕಳನ್ನ ಸಾಕ್ತಾರೇನೋ? ಅದರ ಬಾಯಲ್ಲಿ ಕೂದಲು ಅಂದ್ರೆ ಕೂದಲು!"

"ಹಳ್ಳಕ್ಕೆ ಕೂದಲು ಬೆಳೆಯುತ್ತಾ ಅತ್ತೆ?" ಅಂದಳು ನೇಕಾರ್ತಿ.

ಗಂಡ ತುತ್ತು ಕಲಸುತ್ತಾ ತಲೆ ಎತ್ತಲಿಲ್ಲ. "ಯಾರದ್ದೋ ಆಗಲಿ. ಇವತ್ತು ಕೂದಲು, ನಾಳೆ ತಲೆ ಒಡ್ಕೊಂಡ್ರೆ? ಸಿಮೆಂಟು ತಂದು ಮುಚ್ಚಿಬಿಡ್ತೀನಿ. ಈಗ ಮಗ್ಗದ ಮೇಲಿರೋದನ್ನ ಬೇಕಾದ್ರೆ ಮುಗಿಸ್ಕೋ."

ಬೇಕಾದ್ರೆ ಮುಗಿಸ್ಕೋ! ಮಕ್ಕಳಿಗೆ ಆಟ ಮುಗಿಸ್ಕೋ ಅಂದ ಹಾಗೆ. ಮಗ್ಗದ ಮೇಲೆ ನೀಲಿ ಅಂಚಿನ ಹೊದಿಕೆ ಅರ್ಧಕ್ಕೆ ಬಂದಿತ್ತು. ಅದು ಮುಗಿದರೆ ಮಗ್ಗಕ್ಕೆ ಇನ್ನೊಂದು ಹಾಸಿನ ನೂಲು ಏರುವುದಿಲ್ಲ ಅಂತ ಅವಳಿಗೆ ಗೊತ್ತಾಯಿತು. ಈ ಗುಂಡಿ ಮುಚ್ಚಿದರೆ ಈ ಜನ್ಮದಲ್ಲಿ ಅವಳಿಗಾಗಿ ಮತ್ತೊಂದು ಅಗೆಯುವ ಕೈ ಇಲ್ಲ. ಬೆಣ್ಣೆ ಹಚ್ಚುವ ಕೈಯೂ ಇಲ್ಲ. ಅವಳಿಗೆ ಅಳು ಬರಲಿಲ್ಲ. ಗಂಡನ ಬಾಯಲ್ಲಿ ಅನ್ನ ಹೊರಳುವುದನ್ನು ನೋಡಿ ಅಸಹ್ಯವಾಯಿತು. ಇಷ್ಟು ವರ್ಷ ಇದರ ಎದುರು ಕೂತು ಬಡಿಸಿದೆನಲ್ಲ ಅನಿಸಿತು.

"ಮುಗಿಸೋದೇನೂ ಬೇಡ," ಅಂದಳು. "ಇವತ್ತೇ ಮಗ್ಗದಿಂದ ಎದ್ದೆ." ನಡುಕೋಣೆಗೆ ಹೋಗಿ ಲಾಳಿಯನ್ನು ಹೊದಿಕೆಯ ಮೇಲೆ ಮಲಗಿಸಿ ಬಂದೇಬಿಟ್ಟಳು.

ಮನೆ ತಣ್ಣಗಾಯಿತು. ಟಕ್ ಇಲ್ಲ, ಧಡ್ ಇಲ್ಲ. "ಹಾಯಾಗಿದೆ, ತಲೆ ಮೇಲಿನ ಕುಟ್ಟಾಣಿ ಇಳಿದ ಹಾಗೆ," ಅಂದರು ಅತ್ತೆ. ಆ ಹಾಯಿ ಒಂದು ಗಳಿಗೆ ಇತ್ತು. ಕೂಸು ಮಲಗುವ ಹೊತ್ತಾಯಿತು, ಕೂಸು ಮಲಗಲಿಲ್ಲ. ಅಮ್ಮನ ಹೊಟ್ಟೆಯಲ್ಲಿದ್ದಾಗಿನಿಂದ ಆ ಸದ್ದಿನ ಪಕ್ಕದಲ್ಲೇ ಬೆಳೆದದ್ದು ಅದು. ಹೊಟ್ಟೆಯೊಳಗೂ ಟಕ್ ಧಡ್, ತೊಟ್ಟಿಲಲ್ಲೂ ಟಕ್ ಧಡ್. ಸದ್ದು ನಿಂತರೆ ನಿದ್ದೆಯೂ ನಿಂತಿತು. ಅತ್ತೆ ಹಾಡಿದರು, ಅದಕ್ಕೆ ಇನ್ನೂ ಜೋರಾಗಿ ಅತ್ತಿತು. ದೊಡ್ಡ ಮಗಳು ತಟ್ಟೆ ಬಡಿದಳು. ಗಂಡ ಮೋಟಾರುಬೈಕು ಹತ್ತಿಸಿ ಬೀದಿ ಸುತ್ತಿಸಿಕೊಂಡು ಬಂದ, ಇಳಿಸಿದ ಕೂಡಲೇ ಮತ್ತೆ ಶುರು. ಮಾರನೇ ದಿನಕ್ಕೆ ಮನೆಯವರ ಕಣ್ಣೆಲ್ಲ ಕೆಂಡ.

ನೇಕಾರ್ತಿ ಹಾಲು ಕುಡಿಸಿ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಉಳಿದ ನೀಲಿ ನೂಲಿನ ಲಡಿಗಳನ್ನು ಚೀಲಕ್ಕೆ ತುಂಬಿ, ನೂಲಿಗೆ ಬಣ್ಣ ಹಾಕಿಕೊಡುವ ಬಣ್ಣದವನಿಗೆ ವಾಪಸು ಕೊಟ್ಟು ಬರುತ್ತೇನೆ ಅಂತ ಹೊರಟಳು. ಬಣ್ಣದವನ ಬಾಗಿಲು ಹಾಕಿತ್ತು. ಕೊಡಲಾಗದೆ ಚೀಲ ಹೊತ್ತು ತಿರುಗಿ ಬಂದಳು. ಬೀದಿಯ ತಿರುವಿನಲ್ಲೇ ಅವಳ ಕಾಲು ನಿಂತಿತು. ಮನೆಯೊಳಗಿಂದ ಸದ್ದು ಬರುತ್ತಿತ್ತು. ಟಕ್, ಟಕ್. ಧಡ್. ಟಕ್. ಧಡ್ ಧಡ್. ಕುಂಟುವ ಎತ್ತಿನ ಹಾಗೆ.

ದರ್ಜಿ ಕಿಟಕಿಯಿಂದ ತಲೆ ಹಾಕಿ, "ಅಕ್ಕಾ, ನೀವು ಇಲ್ಲಿ! ಹಾಗಾದ್ರೆ ಅಲ್ಲಿ ಯಾರು?" ಅಂದ.

ಅಲ್ಲಿ ಅತ್ತೆ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಎರಡೂ ಕಾಲು ಗುಂಡಿಯೊಳಗೆ ಬಿಟ್ಟು, ಹಗ್ಗ ಜಗ್ಗುತ್ತಾ ಹಲಗೆ ಬಡಿಯುತ್ತಾ ಕೂತಿದ್ದರು. ತೊಟ್ಟಿಲಲ್ಲಿ ಕೂಸು ಬಾಯಿ ತೆರೆದು ಗಾಢ ನಿದ್ದೆಯಲ್ಲಿತ್ತು. ಹೊದಿಕೆಯ ಗತಿ ನೋಡಬಾರದಿತ್ತು. ತುಳಿಯಬೇಕಾದ ಕಡೆ ತುಳಿಯದೆ, ಲಾಳಿ ಮಾತ್ರ ಓಡಿಸಿದ್ದಕ್ಕೆ ನೂಲು ಗೊಂಚಲು ಗೊಂಚಲಾಗಿ ಮುದುಡಿ, ಅಂಚು ಒಳಗೆ ಸೆಳೆದು ಬಟ್ಟೆ ಸೊಂಟದ ಹಾಗೆ ಸಣ್ಣಗಾಗಿತ್ತು. ಹರಿದ ಎಳೆಗಳು ನೇತಾಡುತ್ತಿದ್ದವು. ತೊಳೆದು ತೊಳೆದು ಬಿರಿದ ಕೈಯಿಂದ, ಒಂದು ಕಲೆ ತಾಗದ ಹಾಗೆ ನೇಯ್ದದ್ದು ಅದು.

ಆದರೆ ಅತ್ತೆಯ ಮುಖ ಅದಕ್ಕಿಂತ ಕೆಟ್ಟದಾಗಿತ್ತು.

"ಬಂದೆಯಾ ತಾಯಿ! ಛೀ ಛೀ, ಕಾಲಿಗೇನೋ ಸುತ್ಕೊಂಡಿದೆ," ಅಂತ ಪಿಸುಗುಟ್ಟಿದರು. "ಮೆತ್ತಗಿದೆ. ಜಿಡ್ಡು. ಜೀವ ಇದ್ದ ಹಾಗಿದೆ! ಇಲಿ ಸತ್ತಿದೆ ಕಾಣುತ್ತೆ."

ನೇಕಾರ್ತಿ ಬಗ್ಗಿ ನೋಡಿದಳು. "ಇಲಿ ಅಲ್ಲ ಅತ್ತೆ. ನಿಮ್ಮದೇ ಕೂದಲು."

"ಈ ಕಡೆ ಏನೋ ಚುಚ್ತಾ ಇದೆ."

"ನಿಮ್ಮದೇ ಉಗುರು."

"ಇದು? ಇದು ಒದ್ದೆ... ಅಯ್ಯಪ್ಪಾ, ನಾತ!"

"ಅದು ನಿಮ್ಮ ಮೊಮ್ಮಗಳ ಕೈಚಳಕ. ಎದ್ದುಬಿಡಿ ಅತ್ತೆ, ಯಾಕೆ ಸುಮ್ಮನೆ."

ಅತ್ತೆ ಕೈ ನಿಲ್ಲಿಸಿದರು. ತೊಟ್ಟಿಲಲ್ಲಿ ಕೂಸು ಕುಯ್ ಅಂದು ಕಾಲು ಒದರಿತು. ಅತ್ತೆ ಗಾಬರಿಯಾಗಿ ಮತ್ತೆ ಧಡ್ ಧಡ್ ಬಡಿದರು. ಎದ್ದರೆ ಕೂಸು ಏಳುತ್ತದೆ, ಕೂತರೆ ಕಾಲಲ್ಲಿ ನರಕ. ಬಡಿಯುತ್ತಲೇ, ಮೂಗು ಕಿವಿಯವರೆಗೆ ಮುರಿದು, "ನೀನು ಕೂತ್ಕೋ ಬಾರೇ, ನಿನಗೆ ಅಭ್ಯಾಸ," ಅಂದರು.

ನೇಕಾರ್ತಿ ಚೀಲ ಕೆಳಗಿಟ್ಟು ಗೋಡೆಗೆ ಒರಗಿ ಕೂತಳು. "ನಾನು ಎದ್ದಾಯ್ತಲ್ಲ ಅತ್ತೆ. ಎದ್ದವಳು ಎದ್ದ ಹಾಗೇ."

ಅಷ್ಟು ಹೊತ್ತಿಗೆ ಗಂಡ ಸಿಮೆಂಟಿನ ಮೂಟೆ ಹೆಗಲ ಮೇಲೆ ಹೊತ್ತು ಬಾಗಿಲಿಗೆ ಬಂದ. ಮಗ್ಗದಲ್ಲಿ ಅಮ್ಮನನ್ನು ಕಂಡು ಹೊಸಿಲಲ್ಲೇ ನಿಂತ.

"ಎಲ್ಲಿಗೋ ಅದು?" ಅಂದರು ಅತ್ತೆ, ದನಿ ಏರದ ಹಾಗೆ ಹಲ್ಲು ಕಚ್ಚಿ.

"ಗುಂಡಿ ಮುಚ್ಚೋಕೆ. ನೀವೇ ಹೇಳಿದ್ರಲ್ಲಮ್ಮ?"

"ಮುಚ್ಚು. ಮುಚ್ಚಿ ನೀನೇ ಮನೇಲಿ ಕೂತು ಇವನನ್ನ ಮಲಗಿಸು. ನನ್ನ ಸೊಂಟ ಬಿದ್ದು ಹೋಗಿದೆ. ಮೊದಲು ಒಳಗೆ ಇಳಿದು ಇದನ್ನೆಲ್ಲ ಬಾಚಿ ತೆಗಿ. ಮನೆ ಅಂತೀರಾ ಇದನ್ನ? ತಿಪ್ಪೆ!"

ನೇಕಾರ್ತಿಗೆ ನಗು ಬರಬೇಕಿತ್ತು, ಬರಲಿಲ್ಲ. ಅವಳ ನೇಯ್ಗೆ ಉಳಿಯಲಿ ಅಂತ ಯಾರೂ ಅನ್ನಲಿಲ್ಲ. ಗುಂಡಿ ಉಳಿದದ್ದು ಲಾಲಿಗೆ. ಬಟ್ಟೆ ನೇಯುವ ಮಗ್ಗ ಇವರಿಗೆ ಒಂದು ಗಿಲಕಿ. ಇದೂ ಒಂದು ಹೇಸಿಗೆಯೇ. ಕಾಲಿಗೆ ತಾಗಿದ್ದಕ್ಕಿಂತ ಇದನ್ನು ತೊಳೆಯುವುದು ಕಷ್ಟ. ಆದರೂ ಹೊದಿಕೆ ಇನ್ನೂ ಅರ್ಧ ಇತ್ತು, ನೂಲು ಚೀಲದಲ್ಲೇ ಇತ್ತು. ಅವಳು ಗಂಡನ ಕಡೆ ತಿರುಗಿದಳು.

"ನಾನು ಮತ್ತೆ ಕೂರಬೇಕು ಅಂದ್ರೆ, ಒಳಗಿನದನ್ನ ನೀವು ಕೈಯಲ್ಲಿ ಎತ್ತಬೇಕು. ಕೋಲಲ್ಲಿ ಅಲ್ಲ. ತಂದ ಸಿಮೆಂಟನ್ನ ಗುಂಡಿಯ ಗೋಡೆಗೂ ತಳಕ್ಕೂ ಬಳೀರಿ, ತೊಳೆಯೋಕೆ ಬರಬೇಕು. ಮೇಲೆ ಒಂದು ಮರದ ಮುಚ್ಚಳ. ನಾನು ಎದ್ದಾಗ ಅದು ಮುಚ್ಚಿರಬೇಕು. ಕೂಸೂ ಬೀಳಬಾರದು, ಇನ್ನೇನೂ ಬೀಳಬಾರದು."

ಗಂಡ ಮೂಟೆ ಇಳಿಸಿ, ಅಮ್ಮನ ಕಾಲ ಪಕ್ಕ ಬರಿಗಾಲಲ್ಲಿ ಇಳಿದ. ತನ್ನದೇ ಕಾಲುಚೀಲ ಮೊದಲು ಸಿಕ್ಕಿತು. ಅದನ್ನು ಎರಡು ಬೆರಳಲ್ಲಿ ಹಿಡಿದು ಮುಖ ತಿರುಗಿಸಿ, "ಥೂ, ಯಾರದ್ದಿದು!" ಅಂದ.

ಸಿಮೆಂಟು ಒಣಗಿ ಮುಚ್ಚಳ ಬಂದ ಮೇಲೆ, ಹೊದಿಕೆಯ ಕೆಟ್ಟ ಭಾಗವನ್ನು ನೇಕಾರ್ತಿ ಬಿಚ್ಚಿ ನೇಯಲಿಲ್ಲ. ಕತ್ತರಿಸಿ ತೆಗೆದು, ಹರಿದ ಎಳೆಗಳಿಗೆ ಹೊಸ ಎಳೆ ಗಂಟು ಹಾಕಿ, ಮುಂದೆ ಹೊಸದಾಗಿ ಹಿಡಿದಳು. ಕತ್ತರಿಸಿದ ಮುದುಡು ತುಂಡನ್ನು ಗುಂಡಿಯ ಪಕ್ಕ ಮೊಳೆಗೆ ನೇತು ಹಾಕಿದಳು, ಕಾಲು ಒರೆಸೋಕೆ. ಬಂದವರಿಗೆಲ್ಲ ಅತ್ತೆ ಅದನ್ನು ತೋರಿಸಿ, "ಇದು ನಾನು ನೇಯ್ದದ್ದು, ಏನು ಮಹಾ ವಿದ್ಯೆ," ಅನ್ನುತ್ತಾರೆ. ನೇಕಾರ್ತಿ ಅದರಲ್ಲೇ ಹಿಮ್ಮಡಿ ಒರೆಸುತ್ತಾಳೆ.

ಮೊನ್ನೆ ಮಧ್ಯಾಹ್ನ ಅತ್ತೆ ತಲೆ ಬಾಚಿ, ಕೂದಲು ಸುತ್ತಿ, ಉಂಡೆ ಮಾಡಿ, ಅಭ್ಯಾಸಬಲದಿಂದ ಕೈಯನ್ನು ಮುಚ್ಚಳದ ಸಂದಿಯವರೆಗೂ ಒಯ್ದರು. ನೂಲು ಸುತ್ತುತ್ತಿದ್ದ ಸೊಸೆಯ ಮೂಗು ಕಾಣಿಸಿತು. ಕೈ ಹಿಂದಕ್ಕೆ ಬಂತು. ಆಚೆ ಈಚೆ ನೋಡಿ, ಬೇರೆ ಜಾಗ ತೋಚದೆ, ಉಂಡೆಯನ್ನು ತಮ್ಮ ಸೊಂಟಕ್ಕೇ ಸಿಕ್ಕಿಸಿಕೊಂಡರು.

ಥೂ, ಅಂದುಕೊಂಡಳು ನೇಕಾರ್ತಿ. ಮುಚ್ಚಳ ಸರಿಸಿ, ಕೋಲಿನಿಂದ ಒಮ್ಮೆ ಕೆದಕಿ ನೋಡಿ, ಕಾಲು ಇಳಿಬಿಟ್ಟಳು.