ನಾದಿನಿ ಮೈಕು ಹಿಡಿದ ಮೇಲೆ

ಕನ್ನಡಕದ ಅಂಗಡಿಗೆ ಬರುವ ಜನ ತಮ್ಮ ಕಣ್ಣು ಸರಿಯಿಲ್ಲ ಎಂದು ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ. ಪೇಪರಿನವರು ಅಕ್ಷರ ಸಣ್ಣ ಮಾಡಿದ್ದಾರೆ ಎನ್ನುತ್ತಾರೆ, ಮನೆಯ ಬಲ್ಬು ಮಂಕಾಗಿದೆ ಎನ್ನುತ್ತಾರೆ. ಸೂಜಿ ಮಾಡುವವರೇ ಈಗೀಗ ಅದರ ಕಣ್ಣನ್ನು ಚಿಕ್ಕದಾಗಿ ಕೊರೆಯುತ್ತಾರೆ ಎಂದು ಒಬ್ಬಾಕೆ ಜಗಳಕ್ಕೇ ನಿಂತಿದ್ದಳು. ಇವರನ್ನೆಲ್ಲ ಕೌಂಟರಿನ ಹಿಂದೆ ನಿಂತು ಸಂಭಾಳಿಸುತ್ತಿದ್ದವಳನ್ನು ನಾನಿಲ್ಲಿ ಅತ್ತಿಗೆ ಎಂದೇ ಕರೆಯುತ್ತೇನೆ. ಅವಳ ನಾದಿನಿ ಕರೆಯುವುದು ಹಾಗೆ, ಮತ್ತು ಈ ಕಥೆ ಅವರಿಬ್ಬರದು.

ಅತ್ತಿಗೆ ಸಂಜೆ ಮನೆಗೆ ಬಂದು, ಊಟಕ್ಕೆ ಕೂತಾಗ, ಅಂದು ಅಂಗಡಿಗೆ ಬಂದವರನ್ನೆಲ್ಲ ಮಾಡಿ ತೋರಿಸುತ್ತಿದ್ದಳು. ಹೊಸ ಫ್ರೇಮು ಹಾಕಿಕೊಂಡು ನೋಡಬೇಕೆಂದರೆ ಹಳೆಯ ಕನ್ನಡಕ ತೆಗೆಯಬೇಕು, ತೆಗೆದರೆ ಕನ್ನಡಿಯಲ್ಲಿ ತನ್ನ ಮುಖವೇ ಕಾಣದು ಎಂದು ಒದ್ದಾಡುವ ಗಂಡ. ಅವನ ಪಕ್ಕದಲ್ಲಿ, ಬಹಳ ದಿನದ ಸೇಡು ತೀರಿಸಿಕೊಳ್ಳುವವಳಂತೆ, ಇದ್ದುದರಲ್ಲೇ ಕೆಟ್ಟದ್ದನ್ನು ಆರಿಸಿ ‘ಇದು ತುಂಬಾ ಒಪ್ಪುತ್ತೆ’ ಎನ್ನುವ ಹೆಂಡತಿ. ಅತ್ತಿಗೆಯ ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನು ತಟ್ಟೆ ಪಕ್ಕಕ್ಕೆ ಸರಿಸಿ, ಮೇಜು ತಟ್ಟಿ ನಗುತ್ತಿದ್ದ. ನೆಂಟರು ಬಂದರೂ ಅಷ್ಟೇ, ಕಾಫಿ ಕೈಗೆ ಬರುವ ಮೊದಲೇ ‘ಎಲ್ಲಿ, ಶುರು ಮಾಡಮ್ಮ’ ಎನ್ನುತ್ತಿದ್ದರು. ಆ ಮನೆಯಲ್ಲಿ ನಗಿಸುವವಳು ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಅತ್ತಿಗೆಗೆ ಇದ್ದ ಒಂದೇ ಹುಚ್ಚು ಹಾಸ್ಯದ ಕಾರ್ಯಕ್ರಮಗಳದು. ಪೀಠೋಪಕರಣದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ನಾಲ್ಕಾರು ಜನ ಒಬ್ಬರಾದ ಮೇಲೊಬ್ಬರು ಮೈಕಿನ ಮುಂದೆ ನಿಂತು ಜನರನ್ನು ನಗಿಸುತ್ತಿದ್ದರು. ಕೂರಲು ಹಾಕುತ್ತಿದ್ದುದು ಕೆಳಗೆ ಮಾರಾಟವಾಗದೆ ಉಳಿದ ಕುರ್ಚಿಗಳನ್ನು. ಒಂದರಂತೆ ಇನ್ನೊಂದಿಲ್ಲ. ಬೇಗ ಹೋದವರಿಗೆ ಮೆತ್ತೆಯದು, ತಡವಾದವರಿಗೆ ಕಾಲು ಅಲುಗಾಡುವುದು. ಅತ್ತಿಗೆ ಬೇಗ ಹೋಗಿ ಮೂರನೇ ಸಾಲಿನ ಮೆತ್ತೆಯ ಕುರ್ಚಿ ಹಿಡಿಯುತ್ತಿದ್ದಳು. ಅವಳ ನಗು ಅಲ್ಲಿ ಪ್ರಸಿದ್ಧ. ಕಾರ್ಯಕ್ರಮ ನಡೆಸುತ್ತಿದ್ದ ಡ್ರೈವಿಂಗ್ ಶಾಲೆಯ ಮೇಷ್ಟ್ರು ಪರದೆಯ ಸಂದಿಯಿಂದ ಇಣುಕಿ, ಅವಳು ಬಂದಿದ್ದಾಳೆಂದು ಖಾತ್ರಿ ಮಾಡಿಕೊಂಡೇ ಶುರು ಮಾಡುತ್ತಿದ್ದರು. ಅವಳು ಮೊದಲು ನಕ್ಕರೆ ಉಳಿದವರಿಗೆ ಧೈರ್ಯ ಬರುತ್ತಿತ್ತು.

ಗಂಡ ಮಾತ್ರ ಅಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ. ಎರಡು ಮೂರು ಸಲ ನೋಡಿ, ಅವನನ್ನು ಬಿಟ್ಟು ನಾದಿನಿಯನ್ನು ಕರೆದುಕೊಂಡು ಹೋಗತೊಡಗಿದಳು.

ನಾದಿನಿ ಅಣ್ಣನ ಮನೆಯಲ್ಲೇ ಇದ್ದವಳು. ಮೂವತ್ತು ದಾಟಿದ್ದರೂ ಅಣ್ಣನಿಗೆ ಇನ್ನೂ ಪುಟ್ಟಿ. ಫ್ರಿಜ್ ಕಂಪನಿಯೊಂದರಲ್ಲಿ ಫೋನಿನಲ್ಲಿ ದೂರು ಕೇಳುವ ಕೆಲಸ. ದಿನವಿಡೀ ಮಾತಾಡಿ ಬರುತ್ತಿದ್ದಳೋ ಏನೋ, ಮನೆಯಲ್ಲಿ ತುಟಿ ಬಿಚ್ಚುತ್ತಿದ್ದುದು ಅನ್ನ ಹಾಕಿಸಿಕೊಳ್ಳಲು ಮಾತ್ರ. ‘ಪಾಪ, ಅವಳಿಗೂ ಸ್ವಲ್ಪ ಹೊರಗಡೆ ಗಾಳಿ ಬೇಕಲ್ವಾ’ ಎಂದು ಅತ್ತಿಗೆ ಅವಳನ್ನು ಜೊತೆಗೆ ಹೊರಡಿಸುತ್ತಿದ್ದಳು. ಪಾಪ ಎನ್ನುವಾಗ ಅವಳಿಗೆ ಒಂದು ಬಗೆಯ ಸುಖವೂ ಆಗುತ್ತಿತ್ತು.

ಒಂದು ಭಾನುವಾರ ಮೇಷ್ಟ್ರು ಮೈಕಿನ ಮುಂದೆ ಬಂದು ಹೇಳಿದರು: “ಇವತ್ತು ಬರಬೇಕಾದವರೊಬ್ಬರು ಕೈ ಕೊಟ್ಟಿದ್ದಾರೆ. ಕೂತಿರೋರಲ್ಲೇ ಯಾರಾದರೂ ಬಂದು ಐದು ನಿಮಿಷ ಮಾತಾಡ್ತೀರಾ?”

ಅತ್ತಿಗೆ ಕುರ್ಚಿಯ ತುದಿಗೆ ಸರಿದಳು. ಇಂಥದೊಂದು ಕರೆಗಾಗಿಯೇ ಅವಳು ವರ್ಷಗಟ್ಟಲೆ ಆ ಮೂರನೇ ಸಾಲಿನಲ್ಲಿ ಕೂತಿದ್ದಳು ಎಂದರೂ ತಪ್ಪಿಲ್ಲ. ಆದರೆ ಕರೆದ ಕೂಡಲೇ ಎದ್ದು ಓಡಿದರೆ ಚೆನ್ನಾಗಿರುವುದಿಲ್ಲ. ಇನ್ನೊಂದು ಸಲ ಕರೆಯಲಿ, ಮೇಷ್ಟ್ರು ತನ್ನ ಕಡೆ ನೋಡಲಿ, ಆಗ ‘ಅಯ್ಯೋ ನಾನಾ’ ಎನ್ನುತ್ತ ಎದ್ದರಾಯಿತು ಎಂದು ಕೂದಲು ಸರಿಮಾಡಿಕೊಂಡಳು. ಆಗ ಪಕ್ಕದಿಂದ ಒಂದು ಕೈಚೀಲ ಅವಳ ಮಡಿಲಿಗೆ ಬಂತು.

“ಅತ್ತಿಗೆ, ಇದನ್ನ ಸ್ವಲ್ಪ ಹಿಡ್ಕೊಳ್ಳಿ,” ಎಂದು ನಾದಿನಿ ಎದ್ದು ಹೋದಳು.

ಮೈಕಿನ ಮುಂದೆ ಅವಳು ಕೈಕಾಲು ಆಡಿಸಲಿಲ್ಲ, ದನಿ ಏರಿಸಲಿಲ್ಲ. ಫೋನಿನಲ್ಲಿ ಮಾತಾಡುವ ಹಾಗೆಯೇ ಮಾತಾಡಿದಳು. “ದಿನವೆಲ್ಲ ಜನ ನನ್ನನ್ನ ಬೈತಾರೆ. ಮೊದಮೊದಲು ಬೇಜಾರಾಗ್ತಿತ್ತು. ಆಮೇಲೆ ಗೊತ್ತಾಯ್ತು, ಅವರು ಬೈತಿರೋದು ಫ್ರಿಜ್‌ನ. ಫ್ರಿಜ್ ಹತ್ತಿರ ಫೋನ್ ಇಲ್ಲ, ಅದಕ್ಕೆ ನನಗೆ ಮಾಡ್ತಾರೆ. ಮೊನ್ನೆ ಒಬ್ಬರು, ಫ್ರಿಜ್ ವಿಪರೀತ ಸದ್ದು ಮಾಡುತ್ತೆ, ನಿದ್ದೆನೇ ಬರಲ್ಲ ಅಂದ್ರು. ಯಾವಾಗಿಂದ ಸರ್ ಅಂದೆ. ಹೆಂಡತಿ ಊರಿಗೆ ಹೋದಾಗಿಂದ ಅಂದ್ರು. ಸದ್ದು ಮೊದಲೂ ಇತ್ತಂತೆ. ಆದರೆ ಅದಕ್ಕೆ ಸರದಿ ಸಿಗ್ತಿರಲಿಲ್ಲವಂತೆ.”

ಜನ ಗೊಳ್ಳೆಂದರು. ಅವಳು ಅದು ನಿಲ್ಲುವ ತನಕ ತಾಳ್ಮೆಯಿಂದ ಕಾದಳು, ಫೋನಿನ ಆ ತುದಿಯವರು ಬೈದು ಮುಗಿಸಲಿ ಎಂದು ಕಾಯುವವಳಂತೆ. “ಕೊನೇಲಿ ನಾವು, ಇನ್ನೇನಾದರೂ ಸಹಾಯ ಬೇಕಾ ಅಂತ ಕೇಳಲೇಬೇಕು. ಒಬ್ಬರು ಅಜ್ಜಿ ತುಂಬಾ ಹೊತ್ತು ಯೋಚನೆ ಮಾಡಿ, ಹೂಂ ಕಣಮ್ಮ, ಮೇಲಿನ ಡಬ್ಬಿ ಸ್ವಲ್ಪ ಇಳಿಸಿಕೊಡು ಅಂದ್ರು.”

ಇಡೀ ಮಹಡಿ ನಕ್ಕಿತು. ಅತ್ತಿಗೆ ಎರಡು ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಂಟಲಿನ ತನಕ ಬಂದ ನಗು ಅಲ್ಲೇ ಸಿಕ್ಕಿಕೊಂಡು ಕಹಿಯಾಯಿತು.

ಮೆಟ್ಟಿಲಿಳಿಯುವಾಗ ಜನ ನಾದಿನಿಯನ್ನು ತಡೆದು ತಡೆದು ಮಾತಾಡಿಸಿದರು. ಅತ್ತಿಗೆ ಗೋಡೆಗೆ ಒತ್ತಿ ನಿಂತು ಅವರಿಗೆ ದಾರಿ ಬಿಟ್ಟಳು. ಚೀಲ ವಾಪಸು ಕೊಡುವುದನ್ನೂ ಮರೆತಿದ್ದಳು.

ಮನೆಯಲ್ಲಿ ಗಂಡ ಕೇಳಿದ: “ಪುಟ್ಟಿ ಮಾತಾಡಿದ್ಲಾ? ನಮ್ಮ ಪುಟ್ಟಿನಾ? ಹೇಗಿತ್ತು?”

“ಪರವಾಗಿಲ್ಲ, ಮೊದಲ ಸಲಕ್ಕೆ ಚೆನ್ನಾಗೇ ಇತ್ತು,” ಎಂದಳು ಅತ್ತಿಗೆ. “ಸ್ವಲ್ಪ ಮುಖದಲ್ಲಿ ಭಾವ ಬರಬೇಕಿತ್ತು.”

ಹೊಟ್ಟೆಕಿಚ್ಚು ಎಂಬುದನ್ನು ಅವಳು ಅಂದಿನ ತನಕ ಬೇರೆಯವರಲ್ಲಿ ಮಾತ್ರ ಕಂಡಿದ್ದಳು. ಈಗ ಅದು ತನ್ನೊಳಗೇ ಬೀಡು ಬಿಟ್ಟಾಗ ಹೆಸರು ಹಿಡಿದು ಕರೆಯಲು ಮನಸ್ಸು ಬರಲಿಲ್ಲ. ಅದರ ಬದಲು ಏನಾದರೂ ತಪ್ಪು ಹುಡುಕತೊಡಗಿದಳು. ತರಕಾರಿ ಹೆಚ್ಚುತ್ತ, ನಾದಿನಿ ಹೇಳಿದ್ದನ್ನೆಲ್ಲ ಸಾಲುಸಾಲಾಗಿ ನೆನೆದಳು. ತನ್ನನ್ನು ಎಲ್ಲಾದರೂ ಆಡಿಕೊಂಡಳೇ? ಮನೆಯ ಗುಟ್ಟು ಬಿಟ್ಟುಕೊಟ್ಟಳೇ? ತನ್ನ ಮಾತು ಕದ್ದಳೇ? ಒಂದೂ ಇಲ್ಲ. ತನ್ನ ಬಗ್ಗೆ ಒಂದು ಕೊಂಕು ಮಾತು ಆಡಿದ್ದರೂ ನೆಮ್ಮದಿಯಾಗಿ ಜಗಳ ಕಾಯಬಹುದಿತ್ತು. ನಾದಿನಿ ಅಷ್ಟೂ ಅವಕಾಶ ಕೊಟ್ಟಿರಲಿಲ್ಲ.

ಮುಂದಿನ ತಿಂಗಳಿಂದ ನಾದಿನಿಯ ಹೆಸರು ಕೆಳಗೆ ಅಂಗಡಿಯ ಗಾಜಿಗೆ ಅಂಟಿಸಿದ ಕಾಗದದಲ್ಲಿ ಬರತೊಡಗಿತು. ಗಂಡ ಈಗ ಊಟ ಮುಗಿಯುವುದರೊಳಗೆ ಬೂಟು ಹಾಕಿಕೊಂಡು ತಯಾರಾಗುತ್ತಿದ್ದ. ಅಲ್ಲಿ ಹೋಗಿ ಮೊದಲ ಸಾಲಿನಲ್ಲಿ ಕೂತು, ಅಕ್ಕಪಕ್ಕದವರಿಗೆ ತಿವಿದು, ‘ನನ್ನ ತಂಗಿ’ ಎನ್ನುತ್ತಿದ್ದ. ಕಣ್ಣು ಮಿಟುಕಿಸುತ್ತಿರಲಿಲ್ಲ. ಇದೇ ಮಹಡಿಯಲ್ಲಿ ತನ್ನ ಪಕ್ಕ ಕೂತು ಗೊರಕೆ ಹೊಡೆದಿದ್ದ ಈ ಮನುಷ್ಯನಿಗೆ ಎಚ್ಚರ ಎಲ್ಲಿಂದ ಬಂತು ಎಂದು ಅತ್ತಿಗೆ ಹಿಂದಿನಿಂದ ಅವನ ಕುತ್ತಿಗೆಯನ್ನೇ ದಿಟ್ಟಿಸುತ್ತಿದ್ದಳು. ನಾದಿನಿಯ ಸರದಿ ಬಂದಾಗ ಅವಳು ನಗುತ್ತಿರಲಿಲ್ಲ. ಬರುವ ನಗುವನ್ನು ತಡೆದರೆ ಪಕ್ಕೆ ನೋಯುತ್ತದೆ. ನೋವನ್ನೂ ನುಂಗಿಕೊಂಡು ಕೂರುತ್ತಿದ್ದಳು.

“ಏನಕ್ಕ, ಮೈಗೆ ಹುಷಾರಿಲ್ವಾ?” ಎಂದು ಮೇಷ್ಟ್ರೇ ಒಮ್ಮೆ ಕೇಳಿದರು.

ಅಂಗಡಿಯಲ್ಲೂ ಬಿಡುಗಡೆಯಿರಲಿಲ್ಲ. ಫ್ರೇಮು ನೋಡುತ್ತಿದ್ದ ಗಿರಾಕಿಯೊಬ್ಬ, “ಆ ಫ್ರಿಜ್ ಮೇಡಂ ನಿಮ್ಮ ಮನೆಯವರಂತೆ? ಮನೇಲೂ ಹಾಗೇ ನಗಿಸ್ತಾರಾ? ನಿಮ್ಮ ಪುಣ್ಯ ಬಿಡಿ,” ಎಂದ. ಅವನದು ದುಂಡು ಮುಖ. ಅತ್ತಿಗೆ ಅವನಿಗೆ ಇನ್ನೂ ದುಂಡಾದ ಫ್ರೇಮೊಂದನ್ನು ಹುಡುಕಿ ತೆಗೆದು, “ಇದು ನಿಮಗೇ ಮಾಡಿಸಿದ ಹಾಗಿದೆ ನೋಡಿ,” ಎಂದು ಕಳಿಸಿದಳು. ಅವನು ಬೀದಿ ದಾಟುವುದನ್ನು ಗಾಜಿನ ಬಾಗಿಲಿನಿಂದ ನೋಡಿದಾಗ, ಬಹಳ ದಿನಗಳ ನಂತರ ಜೀವಕ್ಕೆ ಸ್ವಲ್ಪ ತಂಪೆನಿಸಿತು.

ಊಟದ ಮೇಜಿನ ಹತ್ತಿರವೂ ಮಾತು ಬದಲಾಗಿತ್ತು. ಅತ್ತಿಗೆ ಗಿರಾಕಿಯನ್ನು ಮಾಡಿ ತೋರಿಸಲು ಹುಬ್ಬು ಏರಿಸಿದರೆ, ಗಂಡ ನಡುವೆಯೇ “ಪುಟ್ಟಿ, ಇವತ್ತು ಯಾರು ಫೋನ್ ಮಾಡಿದ್ರು?” ಎನ್ನುತ್ತಿದ್ದ. ಏರಿಸಿದ ಹುಬ್ಬನ್ನು ಹಾಗೆಯೇ ಇಳಿಸಬೇಕಾಗುತ್ತಿತ್ತು. ಕೊನೆಗೊಂದು ದಿನ ಅವಳು ಕೆಲಸ ಬಿಟ್ಟವಳೇ ನೇರ ಡ್ರೈವಿಂಗ್ ಶಾಲೆಗೆ ಹೋಗಿ, “ಈ ಸಲ ನನ್ನದೂ ಒಂದು ಇರಲಿ ಮೇಷ್ಟ್ರೇ,” ಎಂದಳು.

“ಎಷ್ಟು ದಿನದಿಂದ ಕಾಯ್ತಿದ್ದೀನಿ ಅಕ್ಕ, ನೀವೇ ಕೇಳಲಿ ಅಂತ,” ಎಂದರು ಅವರು. ಅವರೂ ತಾನೂ ಒಬ್ಬರನ್ನೊಬ್ಬರು ಕಾಯುತ್ತಲೇ ಕೂತಿದ್ದೆವಲ್ಲ ಎಂದು ಅವಳಿಗೆ ಅಳು ಬರುವಂತಾಯಿತು.

ಅವಳ ಸರದಿ ನಾದಿನಿಗಿಂತ ಮೊದಲಿತ್ತು. ಮನೆಯಲ್ಲಿ ಎಷ್ಟೋ ಸಲ ಗೆದ್ದಿದ್ದ ಗಂಡಹೆಂಡಿರ ಪ್ರಸಂಗವನ್ನೇ ಎತ್ತಿಕೊಂಡಳು. ಆ ಗಿರಾಕಿ ಗಂಡನಂತೆ ಕಾಣಲು ದಪ್ಪ ಗಾಜಿನ ಕನ್ನಡಕವೊಂದನ್ನು ಮೂಗಿಗೇರಿಸಿದಳು. ಅದರಲ್ಲಿ ಎದುರಿಗಿದ್ದ ಜನವೆಲ್ಲ ಕಲಸಿಹೋದರು. ನಕ್ಕರೋ ಆಕಳಿಸಿದರೋ ಕಾಣಲಿಲ್ಲ. ಕೇಳಿಸಿದ್ದು ಯಾರದೋ ಕುರ್ಚಿಯ ಕಾಲು ಕಿರುಗುಟ್ಟಿದ್ದು ಮಾತ್ರ. ಊಟದ ಮೇಜಿನಲ್ಲಿ ಹುಬ್ಬೊಂದು ಕುಣಿದರೆ ಸಾಕಿತ್ತು. ಇಲ್ಲಿ ಹುಬ್ಬು ಎರಡನೇ ಸಾಲಿನ ತನಕವೂ ಹೋಗಲಿಲ್ಲ. ಅವಳು ದನಿ ಏರಿಸಿದಳು, ಕೈ ಬೀಸಿದಳು. ಇನ್ನೂ ಮಾತು ಮುಗಿಯದಿರುವಾಗಲೇ, ನಗಬೇಕಾದ ಜಾಗ ಬಂತೆಂದುಕೊಂಡು ಗಂಡ ಒಬ್ಬನೇ ಹೋ ಎಂದು ನಕ್ಕ. ಆಮೇಲಿನ ಮೌನದಲ್ಲಿ ಅವನ ನಗು ತಾನಾಗಿಯೇ ಕುಂಟುತ್ತ ನಿಂತಿತು. ಜನ ಚಪ್ಪಾಳೆ ತಟ್ಟಿದರು, ತುಂಬಾ ಮರ್ಯಾದೆಯಿಂದ. ಮರ್ಯಾದೆಯ ಚಪ್ಪಾಳೆ ಎಂಥದೆಂದು ಆ ಸಭಾಂಗಣದಲ್ಲಿ ಅವಳಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಅಂಥದನ್ನು ಎಷ್ಟೋ ಜನರಿಗೆ ಅವಳೇ ತಟ್ಟಿದ್ದಳು.

ಅದಾದ ಮೇಲೆ ನಾದಿನಿ ಬಂದಳು, ನಗಿಸಿದಳು.

ಬಸ್ಸಿನಲ್ಲಿ ಗಂಡ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಹಿಂದೆ ಇವರಿಬ್ಬರು.

“ನೀನಾದರೂ ಒಂದು ಸಲ ನಗಬಹುದಿತ್ತು,” ಎಂದಳು ಅತ್ತಿಗೆ.

“ನಗು ಬರಲಿಲ್ಲ ಅತ್ತಿಗೆ.”

“ಬರದಿದ್ದರೂ ನಗ್ತಾರೆ. ಮನೆಯವರು ಅಂದ ಮೇಲೆ.”

“ಅಣ್ಣ ನಕ್ಕನಲ್ಲ. ಅದರಿಂದ ನಿಮಗೆ ಏನಾಯ್ತು?”

ಅತ್ತಿಗೆ ದನಿ ಗಡಸು ಮಾಡಿಕೊಂಡು, “ನಿನ್ನನ್ನ ಅಲ್ಲಿಗೆ ಕರ್ಕೊಂಡು ಹೋದವಳು ನಾನು. ಅದು ನೆನಪಿದ್ದರೆ ಸಾಕು,” ಎಂದಳು.

“ನೆನಪಿದೆ. ಇನ್ನೊಂದೂ ನೆನಪಿದೆ.” ನಾದಿನಿಯ ದನಿ ಮೈಕಿನ ಮುಂದಿದ್ದಂತೆಯೇ ಸಪಾಟಾಗಿತ್ತು. “ನೀವು ಬರೋಕೆ ಮುಂಚೆ ಅಣ್ಣನ್ನ ನಗಿಸ್ತಿದ್ದವಳು ನಾನು. ಶಾಲೆಯಿಂದ ಬಂದು ದಿನಾ ಏನಾದರೂ ಹೇಳ್ತಿದ್ದೆ, ಅವನು ಮೇಜು ತಟ್ಟಿ ನಗ್ತಿದ್ದ. ನೀವು ಮದುವೆಯಾಗಿ ಬಂದ ಹೊಸದರಲ್ಲಿ ಒಂದಿನ ಊಟಕ್ಕೆ ಕೂತಾಗ ಯಾರದೋ ಥರ ಮಾಡಿ ತೋರಿಸಿದ್ರಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ಒಂದು ಹೇಳೋಣ ಅಂತ ಬಾಯಿ ತೆಗೆದೆ. ಅಣ್ಣ, ‘ತಡಿ ಪುಟ್ಟಿ, ಅತ್ತಿಗೆ ಹೇಳಲಿ’ ಅಂದ. ಅವತ್ತಿಂದ ತಡೀತಾನೇ ಇದ್ದೆ.”

ಅತ್ತಿಗೆ ತಿರುಗಿ ಅವಳ ಮುಖ ನೋಡಿದಳು.

“ಇಷ್ಟು ವರ್ಷ?”

“ಇಷ್ಟು ವರ್ಷ. ನೀವು ಹುಬ್ಬು ಏರಿಸಿದ ಕೂಡಲೇ ನನಗೆ ಅನ್ನ ಗಂಟಲಲ್ಲಿ ಇಳೀತಿರಲಿಲ್ಲ.”

ಇಂಥ ಮಾತು ಕೇಳಿದವರಿಗೆ ಪಶ್ಚಾತ್ತಾಪವಾಗಬೇಕು, ಕಣ್ಣು ತುಂಬಿ ಬರಬೇಕು. ಅತ್ತಿಗೆಗೂ ಆಮೇಲೆ ಅದೆಲ್ಲ ಆಯಿತು. ಆದರೆ ಮೊದಲು ಆದದ್ದು ಸಂತೋಷ. ತನ್ನ ಮೇಲೂ ಒಬ್ಬರು, ಒಂದೇ ಸೂರಿನ ಕೆಳಗೆ, ಇಷ್ಟು ಕಾಲ ಒಳಗೊಳಗೇ ಉರಿದುಕೊಂಡಿದ್ದರು ಎಂಬುದು ಆ ದಿನ ಅವಳಿಗೆ ಸಿಕ್ಕ ಏಕೈಕ ಚಪ್ಪಾಳೆ. ಇದನ್ನು ನನಗೆ ಅವಳೇ ಹೇಳಿದ್ದು, ಒಂಚೂರೂ ನಾಚದೆ.

“ಮತ್ತೆ ನನ್ನದರಲ್ಲಿ ತಪ್ಪೇನಾಯ್ತು?” ಎಂದು ಕೇಳಿದಳು.

“ಆ ಕನ್ನಡಕ ಹಾಕ್ಕೋಬಾರದಿತ್ತು,” ಎಂದಳು ನಾದಿನಿ. “ನಿಮಗೆ ನಾವು ಕಾಣದೆ ಹೋದ್ವಿ.”

ಅತ್ತಿಗೆ ಮತ್ತೆ ಮೈಕು ಹಿಡಿಯಲಿಲ್ಲ. ನೋಡಲು ಹೋಗುವುದನ್ನು ಬಿಡಲೂ ಇಲ್ಲ. ನಾದಿನಿ ಹೊಸದೇನಾದರೂ ಕಟ್ಟಿದರೆ ಮೊದಲು ಅಡುಗೆಮನೆಯಲ್ಲಿ ಅತ್ತಿಗೆಗೆ ಹೇಳುತ್ತಿದ್ದಳು. ಅವಳು ಎಲ್ಲಿ ನಗುವುದಿಲ್ಲವೋ ಅಲ್ಲಿ ಕತ್ತರಿ. ಉರಿ ಪೂರ್ತಿ ಆರಿತೆಂದು ಹೇಳಿದರೆ ಸುಳ್ಳಾಗುತ್ತದೆ. ನಾದಿನಿಯ ಮಾತಿಗೆ ಜನ ನಗದ ದಿನವೂ ಒಮ್ಮೊಮ್ಮೆ ಬರುತ್ತಿತ್ತು. ಅಂದು ಮನೆಗೆ ಬಂದ ಮೇಲೆ ಅತ್ತಿಗೆ ಮಾಡಿಕೊಡುತ್ತಿದ್ದ ಕಾಫಿ ಎಂದಿಗಿಂತ ರುಚಿಯಾಗಿರುತ್ತಿತ್ತು. ನಾದಿನಿಗೆ ಅದು ಗೊತ್ತಿತ್ತು, ಕುಡಿಯುತ್ತಿದ್ದಳು.

ಮುಂದಿನ ವರ್ಷ ಬೇರೊಂದು ಊರಿನ ಮೈದಾನದಲ್ಲಿ ಹಾಡು ಮತ್ತು ಹಾಸ್ಯದ ದೊಡ್ಡ ಉತ್ಸವ ನಡೆಯಿತು. ದೊಡ್ಡ ವೇದಿಕೆಯಲ್ಲಿ ಬ್ಯಾಂಡಿನವರ ಅಬ್ಬರ, ಬದಿಯ ಡೇರೆಯಲ್ಲಿ ಹಾಸ್ಯ. ನಾದಿನಿಗೆ ಕರೆ ಬಂದಿತ್ತು. ಮೂವರೂ ಹೋದರು. ನಾದಿನಿಯದು ಚೆನ್ನಾಗಿಯೇ ಆಯಿತು, ಡೇರೆ ಮುಕ್ಕಾಲು ತುಂಬಿತ್ತು. ಆದರೆ ಅವಳ ನಂತರ ಬಂದವಳು ಎತ್ತರದ ಹೆಂಗಸು, ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಅವಳು ಬಾಯಿ ತೆರೆದ ಕೂಡಲೇ ಶುರುವಾದ ನಗು ನಿಲ್ಲಲೇ ಇಲ್ಲ. ಹಾಡು ಕೇಳುತ್ತಿದ್ದವರೂ ಏನಾಯಿತೆಂದು ಓಡಿ ಬಂದರು. ಡೇರೆಯ ಬಟ್ಟೆ ಎತ್ತಿ ಹೊರಗಿನಿಂದ ಇಣುಕಿದರು.

ಅತ್ತಿಗೆ, ನಾದಿನಿ ಇಬ್ಬರೂ ಎದ್ದು ಬಂದು ಮರದ ಕೆಳಗೆ ಕಾಗದದ ತಟ್ಟೆ ಹಿಡಿದು ಕೂತರು.

“ಅವಳದು ಬರೀ ಗಂಟಲು,” ಎಂದಳು ಅತ್ತಿಗೆ.

“ಮತ್ತೇನು? ಹೇಳಿದ್ದರಲ್ಲಿ ಏನಿತ್ತು ಅಂತ.”

“ನಡುನಡುವೆ ತಾನೇ ನಗ್ತಾಳೆ, ಗಮನಿಸಿದ್ಯಾ?”

“ಹೂಂ. ಅವಳು ಬಾಯಿ ತೆಗೀರಿ ಅಂದರೆ ಜನ ತೆಗೀಲೇಬೇಕಲ್ವಾ, ಅಭ್ಯಾಸ,” ಎಂದಳು ನಾದಿನಿ.

ಅತ್ತಿಗೆ ನಕ್ಕಳು. ತಟ್ಟೆ ಕೆಳಗಿಟ್ಟು, ಮರಕ್ಕೆ ಒರಗಿ, ಕಣ್ಣೀರು ಬರುವ ತನಕ ನಕ್ಕಳು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಇಬ್ಬರೂ ಹತ್ತಿರ ಸರಿದು ಕೂತು, ಡಾಕ್ಟರಮ್ಮನ ನಿಲುವು, ನಡಿಗೆ, ಮೈಕು ಹಿಡಿಯುವ ರೀತಿ ಒಂದನ್ನೂ ಬಿಡದೆ ಮೂಗು ಮುರಿಯತೊಡಗಿದರು. ಅಷ್ಟು ಒಗ್ಗಟ್ಟು ಅವರಲ್ಲಿ ಹಿಂದೆಂದೂ ಇರಲಿಲ್ಲ.

ಅಷ್ಟರಲ್ಲಿ ಗಂಡ ಜನರ ನಡುವಿನಿಂದ ಬಂದ. ಮುಖ ಇನ್ನೂ ಕೆಂಪಗಿತ್ತು. “ನೀವು ಅರ್ಧಕ್ಕೇ ಯಾಕೆ ಎದ್ದು ಬಂದ್ರಿ? ಆ ಡಾಕ್ಟರು ಏನು ನಗಿಸ್ತಾರೆ ಅಂತೀರಿ, ಹೊಟ್ಟೆ ಹುಣ್ಣಾಯ್ತು. ನೋಡಿ, ಕೈ ಮೇಲೆ ಸಹಿ ಹಾಕಿಸಿಕೊಂಡು ಬಂದೆ,” ಎಂದು ತೋಳು ಮುಂದೆ ಚಾಚಿದ.

ಇಬ್ಬರೂ ಆ ತೋಳನ್ನು ನೋಡಿದರು. ಊರು ಮುಟ್ಟುವ ತನಕ ಅವನ ಜೊತೆ ಇಬ್ಬರೂ ಮಾತಾಡಲಿಲ್ಲ.