ಜಪಾನಿನ ದೇವರು ಕೊಟ್ಟ ಚೀಟಿ

ಶಕುನ, ಕಣಿ ಎಂದರೆ ನಕ್ಕುಬಿಡುವವನು ನಾನು. ಅಂಥವನು ಜಪಾನಿನ ದೇವಸ್ಥಾನವೊಂದರಲ್ಲಿ ಅಂಗೈಯಗಲದ ಕಾಗದಕ್ಕೆ ಬೆವರಿದೆ ಎಂದರೆ ನಮ್ಮ ಸೊರಬದಲ್ಲಿ ಯಾರೂ ನಂಬುವುದಿಲ್ಲ. ನೀವಾದರೂ ನಂಬಿ.

ನಾವು ಟೂರಿಗೆ ಹೊರಡುವ ಹೊತ್ತಿಗೇ ಶಿಕಾರಿಪುರದಲ್ಲಿರುವ ನನ್ನ ಹೆಂಡತಿಯ ಅಕ್ಕನಿಗೆ ಹೃದಯದ ಆಪರೇಷನ್ ನಿಗದಿಯಾಯಿತು. ಇವಳು ಬರಲೊಲ್ಲೆ ಎಂದಳು. ಅಕ್ಕನೇ ಗದರಿದರು: “ಹೋಗ್ ಬಾರೆ. ನೀ ಇಲ್ಲಿ ಕುಂತ್ರೆ ನನ್ ಹಾರ್ಟು ರಿಪೇರಿ ಆಗುತ್ತೇನು?” ಹಾಗಾಗಿ ಅಕ್ಕ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ ದಿನ ನಾವು ಆ ದೇವಸ್ಥಾನದ ಕೆಂಪು ಕಮಾನಿನಡಿ ನಡೆಯುತ್ತಿದ್ದೆವು.

ಬಾಗಿಲ ಬಳಿ ಕೈಬಾಯಿ ತೊಳೆಯಲು ಇಟ್ಟಿದ್ದ ನೀರನ್ನು ಇವಳು ತೀರ್ಥವೆಂದು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡಳು. ಒಳಗೆ ನೋಡಿದರೆ ಮೂರ್ತಿಯಿಲ್ಲ, ಮಂಗಳಾರತಿಯಿಲ್ಲ, ಗೋತ್ರ ನಕ್ಷತ್ರ ವಿಚಾರಿಸುವ ಭಟ್ಟರೂ ಇಲ್ಲ.

“ಹೆಸರು ಕೇಳೋರೇ ಇಲ್ವಲ್ರೀ! ಅಕ್ಕನ ಹೆಸರಲ್ಲಿ ಅರ್ಚನೆ ಮಾಡ್ಸೋದು ಹೇಗೆ?” ಎಂದವಳ ಕಣ್ಣು ತುಂಬಿತ್ತು.

ಅಲ್ಲಿ ಚೀಟಿ ಎತ್ತಿ ಭವಿಷ್ಯ ನೋಡುವ ಪದ್ಧತಿಯಿದೆ. ಇವಳು ಒಂದನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಪ್ರಸಾದದಂತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗೈಡ್ ಹುಡುಗಿ ಅದನ್ನು ಬಿಚ್ಚಿಸಿ ಓದಿ ಮುಖ ಸಣ್ಣದು ಮಾಡಿದಳು. ಕಾಯಿಲೆ ವಾಸಿಯಾಗುವುದು ತಡ ಎಂದಿದೆಯಂತೆ. ಇಂಥ ಚೀಟಿಯನ್ನು ಮನೆಗೆ ಒಯ್ಯದೆ ಅಲ್ಲೇ ಹಗ್ಗಕ್ಕೆ ಕಟ್ಟಿ ಹೋಗಬೇಕಂತೆ.

ನಮ್ಮ ಕಡೆ ದೇವರಲ್ಲಿ ಹೂಪ್ರಸಾದ ಕೇಳಿದಾಗ ಎಡಕ್ಕೆ ಬಿದ್ದರೆ “ಇನ್ನೊಂದ್ಸಲ ಕೇಳೋಣ ಬಿಡಿ” ಎನ್ನುತ್ತೇವೆ. ಜಪಾನಿನವರು ಇನ್ನೂ ಜಾಣರು, ಕೆಟ್ಟದ್ದನ್ನು ದೇವರಿಗೇ ವಾಪಸು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಬೇರೆ ದಿನವಾಗಿದ್ದರೆ ಇದರ ಮೇಲೆ ಒಂದು ಭಾಷಣವನ್ನೇ ಬಿಗಿಯುತ್ತಿದ್ದೆ. ಅವತ್ತು ಮಾತ್ರ, “ಕಟ್ಟೇ ಮಾರಾಯ್ತಿ, ಬೇಗ ಕಟ್ಟು!” ಎಂದು ಅವಸರ ಮಾಡಿದೆ.

ಇವಳು ಜಗ್ಗಲಿಲ್ಲ. “ತಡ ಅಂದ್ರೆ ವಾಸಿ ಆಗುತ್ತೆ ಅಂತಲೇ ಅಲ್ವೇನ್ರೀ? ದೇವ್ರು ಕೊಟ್ಟಿದ್ದನ್ನ ಬಿಟ್ಟು ಬರ್ತಾರಾ?” ಎಂದು ಮತ್ತೆ ಗಂಟು ಹಾಕಿಕೊಂಡಳು.

ಊರಿಗೆ ಬಂದವರೇ ಶಿಕಾರಿಪುರಕ್ಕೆ ಹೋದೆವು. ಆಪರೇಷನ್ ಆಗಿತ್ತು, ಆದರೆ ಗಾಯ ಮಾಯುತ್ತಿರಲಿಲ್ಲ. ಮೊದಲಿನ ಗತ್ತಿನ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದರು. ಇವಳು ಚೀಟಿಯನ್ನು ಅವರ ಕೈಗಿಟ್ಟಳು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ, “ಏನಂತ ಬರ್ದೈತ್ರಿ ಇದ್ರಾಗೆ?” ಎಂದು ನನ್ನನ್ನು ಕೇಳಿದರು.

ಒಂದಕ್ಷರವೂ ಗೊತ್ತಿಲ್ಲದ ಆ ಲಿಪಿಯನ್ನು ನಾನು ಕನ್ನಡಕ ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಭಟ್ಟರ ಗಾಂಭೀರ್ಯದಲ್ಲಿ ಓದಿದೆ: “ತಡವಾದರೂ ಪೂರ್ತಿ ವಾಸಿಯಾಗುತ್ತದೆ.”

“ಪೂರ್ತಿ” ಎಂಬುದು ನಾನು ಸೇರಿಸಿದ್ದು. ಅಕ್ಕ ಎದ್ದು ಕುಳಿತು ಗಂಜಿ ಕೇಳಿದರು.