ನಲವತ್ತೊಂಬತ್ತಕ್ಕೆ ಇಳಿದ ಭಾವ

"ನಲವತ್ತೊಂಬತ್ತು ಕಣ್ಲಾ! ನಿಮ್ಮ ಭಾವ ಗೆದ್ಬುಟ್ರು!"

ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ದಂಡಿನಶಿವರದಿಂದ ನಮ್ಮಕ್ಕ ಫೋನ್ ಮಾಡಿ ಹೀಗೆ ಕೂಗಿದಾಗ ನಾನು ತಿಪಟೂರಿನ ಮನೆಯಲ್ಲಿ ಪೇಪರ್ ಹರಡಿಕೊಂಡು ಕೂತಿದ್ದೆ. ಗೆದ್ದರು ಎಂದಳಲ್ಲ, ಸೊಸೈಟಿ ಎಲೆಕ್ಷನ್ ಇರಬೇಕು ಅಂದುಕೊಂಡೆ. (ಭಾವ ಎರಡು ಸಲ ನಿಂತು ಎರಡು ಸಲವೂ ಸೋತವರು.)

"ಯಾವುದರಲ್ಲಿ ಗೆದ್ರಕ್ಕಾ?"

"ಶುಗರ್ ಕಣ್ಲಾ, ಶುಗರ್! ಮುನ್ನೂರು ಇದ್ದಿದ್ದು ನಲವತ್ತೊಂಬತ್ತಕ್ಕೆ ಬಂದೈತೆ. ಕಾಯಿಲೆ ಹೋಯ್ತು ಅನ್ನು. ಇವ್ರ ಫೋನೂ ಆಗ್ಲಿಂದ ಕೂಗ್ತಾನೇ ಐತೆ. ಅದ್ಕೂ ಖುಷಿಯಾಗೈತೆ ನೋಡು!"

ಅದು ಖುಷಿಯ ಕೂಗಲ್ಲ ಮಾರಾಯರೇ, ಅಲಾರಂ! ಶುಗರ್ ಅಪಾಯದ ಮಟ್ಟಕ್ಕೆ ಕುಸಿದಿದೆ, ಈಗಲೇ ಏನಾದರೂ ಮಾಡಿ ಎಂದು ಅದು ಬಾಯಿ ಬಡಿದುಕೊಳ್ಳುತ್ತಿದೆ. ಇವಳು ಅದನ್ನು ಮಂಗಳವಾದ್ಯದ ಹಾಗೆ ಕೇಳಿಸಿಕೊಂಡು ನಿಂತಿದ್ದಾಳೆ.

ಆ ಅಲಾರಂ ಅವರ ಮನೆ ಹೊಕ್ಕಿದ್ದು ನನ್ನಿಂದ. ಭಾವನಿಗೆ ಸಕ್ಕರೆ ಕಾಯಿಲೆ ಹಳೆಯದು, ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಟೆಸ್ಟ್ ಮಾಡಿಸಿಕೊಳ್ಳಿ ಎಂದರೆ ಮಾತ್ರ "ನಾಳೆ ನೋಡಾನ ಬುಡು" ಎನ್ನುವ ಜಾತಿ. ಅದಕ್ಕೇ ಹೋದ ತಿಂಗಳ ಕೊನೆಗೆ ನಾನೇ ಒಂದು ಸೆನ್ಸರ್ ತಂದುಕೊಟ್ಟೆ. ರೂಪಾಯಿ ಬಿಲ್ಲೆಯಷ್ಟಗಲ, ತೋಳಿನ ಹಿಂಬದಿಗೆ ಅಂಟಿಸಿದರೆ ಎರಡು ವಾರ ಕೂತಿರುತ್ತದೆ. ಹಗಲೂ ರಾತ್ರಿ ಶುಗರ್ ಎಷ್ಟಿದೆ ಎಂದು ಫೋನಿಗೆ ಹೇಳುತ್ತಲೇ ಇರುತ್ತದೆ. ಭಾವ ಅದಕ್ಕೆ 'ಬಿಲ್ಲೆ' ಎಂದೇ ಹೆಸರಿಟ್ಟರು. ಬಂದವರಿಗೆಲ್ಲ ಅಂಗಿ ತೋಳು ಮಡಚಿ ತೋರಿಸಿದ್ದೇ ತೋರಿಸಿದ್ದು.

ಇರಲಿ, ಫೋನಿಗೆ ಬರೋಣ.

"ಅಕ್ಕಾ, ಭಾವ ಏನು ಮಾಡ್ತಾವ್ರೆ?"

"ಕೊಬ್ಬರಿ ಒಡೆಸ್ತಾವ್ರೆ. ಗೋಡೆಗೊರಗಿ ಕುಂತವ್ರೆ. ವಸಿ ಬೆವರ್ತಾವ್ರೆ, ಮಾತೂ ತೊದಲ್ತೈತೆ. ಬೆಳಿಗ್ಗೆಯಿಂದ ಅಟ್ಟದಿಂದ ಕಾಯಿ ಇಳಿಸವ್ರಲ್ಲ, ಸುಸ್ತು."

"ತಿಂಡಿ ತಿಂದ್ರಾ?"

"ಇಲ್ಲ ಕಣ್ಲಾ. ಸೂಜಿ ಮಾತ್ರ ತಗಂಡ್ರು."

ಅಯ್ಯೋ ದೇವರೇ! ಇನ್ಸುಲಿನ್ ತೆಗೆದುಕೊಂಡು, ಏನೂ ತಿನ್ನದೆ, ಮೂಟೆ ಹೊತ್ತಿದ್ದಾರೆ!

"ಅಕ್ಕಾ, ಮೊದ್ಲು ಒಂದು ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕುಡಿಸು. ಈಗಲೇ!"

ಅಕ್ಕ ಸಿಡಿದಳು. "ಸಕ್ಕರೆ ಕಾಯಿಲೆಯೋರಿಗೆ ಸಕ್ಕರೆ ಕುಡಿಸು ಅಂತೀಯಲ್ಲ, ನಿಂಗೇನ್ಲಾ ತಲೆ ಕೆಟ್ಟೈತಾ? ಅವ್ರು ಕಷ್ಟಪಟ್ಟು ಇಳಿಸ್ಕಂಡವ್ರೆ!"

ಬೇಡಿಕೊಂಡೆ. ಬೈದೆ. ಕೊನೆಗೆ ಕಿರುಚಿದೆ. "ಅಕ್ಕಾ, ಭಾವ ಉಳೀಬೇಕಾ ಬೇಡ್ವಾ?"

ಆಗ ಅವಳ ದನಿ ಇಳಿಯಿತು. "ಮನೇಲಿ ಸಕ್ಕರೆ ಎಲ್ಲೈತೆ ಕಣಪ್ಪ? ಬೆಲ್ಲಾನೂ ಇಲ್ಲ. ಎಲ್ಲಾನೂ ಹೋದ ತಿಂಗಳೇ ಹೊರಗೆ ಹಾಕಿದ್ನಲ್ಲ..."

ಊಹಿಸಿಕೊಳ್ಳಿ. ಮನುಷ್ಯ ಸಕ್ಕರೆಯಿಲ್ಲದೆ ಕಣ್ಣೆದುರೇ ಕುಸಿಯುತ್ತಿದ್ದಾನೆ. ಮನೆಯನ್ನೆಲ್ಲ ಜಾಲಾಡಿದರೂ ಒಂದು ಚಮಚ ಸಕ್ಕರೆ ಸಿಗುವುದಿಲ್ಲ. ನಾನಿಲ್ಲಿ ತಿಪಟೂರಿನಲ್ಲಿ ಫೋನ್ ಹಿಡಿದು ನಿಂತಿದ್ದೇನೆ. ಏನು ಮಾಡಲಿ?

ಉಳಿಸಿದ್ದು ಕೊಬ್ಬರಿ ಒಡೆಯಲು ಬಂದಿದ್ದ ಗಂಗಮ್ಮ. ನನ್ನ ಕಿರುಚಾಟ ಅವಳಿಗೂ ಕೇಳಿಸಿತಂತೆ. "ಅವ್ವಾ, ನಮ್ ಫ್ಲಾಸ್ಕಲ್ಲಿ ಟೀ ಐತಲ್ಲ, ಸಕ್ಕರೆ ಸುರಿದೈತೆ" ಎಂದಳು. ಅಕ್ಕನ ಮನೆಯ ಸಪ್ಪೆ ಟೀ ಕುಡಿಯಲಾರದೆ ಕೆಲಸದವರು ಹೋಟೆಲಿನಿಂದ ತರಿಸಿಕೊಂಡಿದ್ದ ಟೀ ಅದು. ಭಾವನಿಗೆ ಇನ್ನೂ ನುಂಗುವ ಎಚ್ಚರವಿತ್ತು, ಪುಣ್ಯ. ಗಂಗಮ್ಮ ಆರಿಸಿ ಆರಿಸಿ ಮೂರು ಲೋಟ ಕುಡಿಸಿದಳು. ಬೆವರು ನಿಂತಿತು. "ಯಾಕ್ರಮ್ಮೀ ಎಲ್ಲಾ ಹಿಂಗೆ ನೋಡ್ತಿದೀರಾ?" ಎಂದು ಭಾವ ಕೇಳಿದ್ದು ಫೋನಿನಲ್ಲೇ ನನಗೆ ಕೇಳಿಸಿತು. ನಾನು ಕುರ್ಚಿಯ ಮೇಲೆ ಕುಸಿದು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಪಕ್ಕದ ಮನೆಯವರ ಕಾರಿನಲ್ಲಿ ಅವರನ್ನು ತುರುವೇಕೆರೆಗೆ ಕರೆದೊಯ್ದರು. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಭಾವ ಡ್ರಿಪ್ ಹಾಕಿಸಿಕೊಂಡು ಮಲಗಿದ್ದರು. ಮುಖದಲ್ಲಿ ಅಪರಾಧಿ ಕಳೆ ಇತ್ತೆ? ಖಂಡಿತ ಇಲ್ಲ. ಸಿಟ್ಟಿತ್ತು. ನನ್ನ ಮೇಲೆ!

"ಪೂರಾ ಇಂಗಿಸ್ತಿದ್ದೆ ಕಣಪ್ಪ. ಇನ್ನೇನು ಮುಗೀತಿತ್ತು. ಕೆಡಿಸ್ಬುಟ್ಟೆ" ಎಂದರು.

"ಇಂಗಿಸೋದಾ? ಏನನ್ನ ಭಾವ?"

"ಸಕ್ಕರೇನ. ಅಟ್ಟದ ಮೇಲೆ ಕಾಯಿ ಹಾಕ್ತೀವಲ್ಲ, ಒಳಗೆ ವಸಿ ನೀರು ಉಳಿದ್ರೂ ಕೊಬ್ಬರಿ ಕೊಳೀತದೆ. ಪೂರ್ತಿ ಇಂಗಬೇಕು. ಅಲ್ಲಾಡಿಸಿದ್ರೆ ಗುಡುಗುಡು ಅನ್ಬೇಕು. ಇದೂ ಹಂಗೇ ಅಲ್ವಾ? ಸೊನ್ನೆಗೆ ಬಂದ್ರೆ ಕಾಯಿಲೆ ಬುಡಸಮೇತ ಹೋಯ್ತದೆ."

ಅದಕ್ಕೇ ಈ ಪುಣ್ಯಾತ್ಮ ನಾಲ್ಕು ದಿನದಿಂದ ಮುದ್ದೆ ಬಿಟ್ಟು, ಡಾಕ್ಟರನ್ನೂ ಕೇಳದೆ, ಸೂಜಿಯ ಡೋಸ್ ತಾವೇ ಏರಿಸಿಕೊಂಡಿದ್ದರು. ಸೊನ್ನೆ ಮುಟ್ಟಲು! ಹುಟ್ಟಿದಾಗಿನಿಂದ ಕೊಬ್ಬರಿ ಮಾಡಿದ ಮನುಷ್ಯ. ಅವರಿಗೆ ಗೊತ್ತಿದ್ದ ವಿಜ್ಞಾನ ಅದು. ನಗಬೇಕೋ ಅಳಬೇಕೋ ನೀವೇ ಹೇಳಿ.

ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಭಾವನ ತೋಳು ಎತ್ತಿ ನೋಡಿ ಕೇಳಿದರು. "ಇದನ್ನ ಕೊಟ್ಟೋರು ಕಡಿಮೆ ಆದ್ರೆ ಏನು ಮಾಡ್ಬೇಕು ಅಂತ ಹೇಳಿರ್ಲಿಲ್ವಾ?"

ಅಕ್ಕ ನನ್ನತ್ತ ನೋಡಿದಳು. ಭಾವ ನನ್ನತ್ತ ಬೆರಳನ್ನೇ ತೋರಿಸಿದರು. "ಇವ್ನೇ ಹೇಳಿದ್ದು ಡಾಕ್ಟ್ರೇ, ಎಷ್ಟು ಇಳಿದ್ರೆ ಅಷ್ಟು ಒಳ್ಳೇದು ಅಂತ."

ಹೇಳಿದ್ದೆನಾ? ಹೇಳಿದ್ದೆ. ಕಡಿಮೆಯಾಗುವುದೂ ಒಂದು ಅಪಾಯ ಎಂದು ಬಾಯಿ ತಪ್ಪಿಯೂ ಹೇಳಿರಲಿಲ್ಲ. ಸ್ಕ್ರೀನಿನ ಮೇಲೆ ಕೆಂಪಕ್ಷರದಲ್ಲಿ ಬರುವ ಇಂಗ್ಲಿಷ್ ಅಕ್ಕನಿಗೂ ಭಾವನಿಗೂ ಓದಲು ಬರುವುದಿಲ್ಲ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ದುಬಾರಿ ವಸ್ತು ಕೊಡಿಸಿದ್ದೇನೆ, ಇನ್ನು ಭಾವನನ್ನು ಅದೇ ನೋಡಿಕೊಳ್ಳುತ್ತದೆ ಎಂದು ಹಾಯಾಗಿದ್ದೆ. ನಮ್ಮಲ್ಲಿ ಎಷ್ಟು ಜನ ಹೀಗೇ ಹಾಯಾಗಿಲ್ಲ?

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ವಾಟ್ಸಾಪ್ ತೆಗೆದೆ. ಭಾವ ದಿನವೂ ಬಿಲ್ಲೆಯ ರೀಡಿಂಗನ್ನು ಫೋಟೋ ಮಾಡಿ ಕಳಿಸುತ್ತಿದ್ದರು. ಇನ್ನೂರ ಹತ್ತು. ನೂರ ಅರವತ್ತು. ನೂರ ಎರಡು. ಹಿಂದಿನ ದಿನ ಸಂಜೆಯದು ಐವತ್ತೆಂಟು.

ಪ್ರತಿಯೊಂದರ ಕೆಳಗೂ ಅಂಕಿಯನ್ನು ಸರಿಯಾಗಿ ನೋಡದೆಯೇ ಒತ್ತಿದ ನನ್ನ ಉತ್ತರವಿತ್ತು. ಐವತ್ತೆಂಟರ ಕೆಳಗೆ ಮೂರು ಚಪ್ಪಾಳೆಯ ಚಿತ್ರ, ಜೊತೆಗೆ "ಸೂಪರ್ ಭಾವ!"

ಆ ಚಪ್ಪಾಳೆ ಒತ್ತುವ ಬೆರಳಿನಿಂದ ಒಂದು ಕಾಲ್ ಒತ್ತಿ, "ಉಂಡ್ರಾ ಭಾವ?" ಎಂದು ಕೇಳಲು ನನಗೇನಾಗಿತ್ತು?